ಹೊಲದ ಹಾಡು, ಆಸ್ಥಾನದ ಹಾಡು

ಪ್ರಶ್ನೆ: ಚೀನಾದ ಅತಿ ಹಳೆಯ ಕವಿತೆಗಳು ರೈತಾಪಿ ಜನರ ಬಾಯಲ್ಲಿ ಹುಟ್ಟಿದವೆಂದು ಓದಿದೆ. ಇದು ನಿಜವೇ? ಅವು ಇಷ್ಟು ಕಾಲ ಉಳಿದದ್ದು ಹೇಗೆ? ನಂತರದ ಕವಿಗಳಿಗೆ ಅವುಗಳಿಂದ ದೊರೆತದ್ದೇನು?
– ಓದುಗರೊಬ್ಬರು, ಮಂಡ್ಯ

ಉತ್ತರ: ಅರ್ಧ ನಿಜ. ಚೀನಾದ ಕಾವ್ಯಪರಂಪರೆಯ ಆದಿಗ್ರಂಥವಾದ ‘ಷಿಜಿಂಗ್’ನಲ್ಲಿ 305 ಹಾಡುಗಳಿವೆ, ಅವು ಸುಮಾರು ಕ್ರಿ.ಪೂ. 11ರಿಂದ 6ನೆಯ ಶತಮಾನದ ನಡುವೆ, ಚೌ ಅರಸರ ಕಾಲದಲ್ಲಿ ರೂಪುಗೊಂಡವು. ಇವುಗಳಲ್ಲಿ 160 ಹಾಡುಗಳು 15 ಸೀಮೆಗಳ ಹೆಸರಿನಲ್ಲಿವೆ. ಉಳಿದವು ಆಸ್ಥಾನದ ಔತಣ, ಯುದ್ಧ, ಪಿತೃಪೂಜೆಗಳಿಗೆ ಸೇರಿದವು. ಅತ್ಯಂತ ಹಳೆಯವೆಂದು ವಿದ್ವಾಂಸರು ಎಣಿಸುವುದು ಹೊಲದ ಹಾಡುಗಳನ್ನಲ್ಲ, ಅರಸುಮನೆತನದ ಪೂರ್ವಜರನ್ನು ಸ್ತುತಿಸುವ ಹಾಡುಗಳನ್ನು. ಸೀಮೆಗಳ ಹಾಡುಗಳಲ್ಲಿಯೂ ಸಾಲಿಗೆ ನಾಲ್ಕು ಅಕ್ಷರಗಳ ನಡೆ ಮತ್ತು ಪ್ರಾಸದ ಕ್ರಮ ಬಹುಮಟ್ಟಿಗೆ ಒಂದೇ ಆಗಿರುವುದನ್ನು ನೋಡಿದರೆ, ಜನರಿಂದ ಬಂದದ್ದನ್ನು ಆಸ್ಥಾನದ ಸಂಗೀತಗಾರರು ತಿದ್ದಿ ತೀಡಿದ್ದಾರೆಂದು ಒಪ್ಪಬೇಕಾಗುತ್ತದೆ.

ಹಾಗೆ ತಿದ್ದಿದರೂ ದುಡಿಮೆಯ ಬದುಕು ಅಳಿಸಿಹೋಗಿಲ್ಲ. ‘ಏಳನೆಯ ತಿಂಗಳು’ ಎಂಬ ದೀರ್ಘ ಹಾಡಿನಲ್ಲಿ ಹೆಣ್ಣುಮಕ್ಕಳು ಆಳವಾದ ಬುಟ್ಟಿ ಹಿಡಿದು, ಕಾಲುದಾರಿಯಲ್ಲಿ ನಡೆದು, ಎಳೆಯ ಹಿಪ್ಪುನೇರಳೆ ಸೊಪ್ಪು ಬಿಡಿಸಲು ಹೋಗುತ್ತಾರೆ. ಬಟ್ಟೆಗೆ ಬಣ್ಣ ಕಟ್ಟಿ, ಅದರಲ್ಲಿ ಹೊಳೆಯುವ ಕೆಂಪನ್ನು ಒಡೆಯನ ಮಗನ ಉಡುಪಿಗೆಂದು ಎತ್ತಿಡುತ್ತಾರೆ. ಮಳವಳ್ಳಿ, ಮದ್ದೂರುಗಳ ಕಡೆ ರೇಷ್ಮೆ ಹುಳು ಸಾಕುವವರಿಗೆ ಈ ಸಾಲುಗಳನ್ನು ಯಾರೂ ವಿವರಿಸಬೇಕಾಗಿಲ್ಲ. ಅದೇ ಹಾಡಿನಲ್ಲಿ ಚಳಿ ಏರುವುದನ್ನು ಒಂದು ಚಿಮ್ಮಂಡೆ ತಿಳಿಸುತ್ತದೆ: ಏಳನೆಯ ತಿಂಗಳಲ್ಲಿ ಬಯಲಲ್ಲಿದ್ದದ್ದು ಎಂಟರಲ್ಲಿ ಸೂರಿನ ಕೆಳಗೆ, ಒಂಬತ್ತರಲ್ಲಿ ಬಾಗಿಲೊಳಗೆ, ಹತ್ತರಲ್ಲಿ ಮಂಚದಡಿಗೆ ಬಂದು ಸೇರುತ್ತದೆ. ಚಳಿ ಎಂಬ ಮಾತನ್ನೇ ಎತ್ತದೆ ಚಳಿಯನ್ನು ಮನೆಯೊಳಕ್ಕೆ ತರುವ ಈ ಕೌಶಲಕ್ಕೆ ಸರಿಸಾಟಿಯಾದದ್ದು ಪ್ರಾಚೀನ ಕಾವ್ಯದಲ್ಲಿ ವಿರಳವೆಂದೇ ನನ್ನ ಭಾವನೆ.

ಇವು ಉಳಿದದ್ದು ಬಾಯಿಪಾಠದಿಂದ. ಕ್ರಿ.ಪೂ. 213ರಲ್ಲಿ ಚಿನ್ ಚಕ್ರವರ್ತಿಯ ಆಡಳಿತವು ಈ ಗ್ರಂಥವನ್ನೂ ಸುಡಲು ಆಜ್ಞೆ ಮಾಡಿತು. ಬಿದಿರು, ರೇಷ್ಮೆಗಳ ಮೇಲಷ್ಟೇ ಅಲ್ಲದೆ ಜನರ ನೆನಪಿನಲ್ಲಿಯೂ ಇದ್ದುದರಿಂದ ಹಾಡುಗಳು ಉಳಿದವೆಂದು ಅನಂತರ ಆಳಿದ ಹಾನ್ ವಂಶದ ಇತಿಹಾಸಗ್ರಂಥ ಹೇಳುತ್ತದೆ. ಅದೇ ಹಾನ್ ಕಾಲದಲ್ಲಿ ಅವು ಶಾಸ್ತ್ರದ ಪಟ್ಟಕ್ಕೇರಿದವು. ಆಗ ವ್ಯಾಖ್ಯಾನಕಾರರು ಸರಳವಾದ ಪ್ರೇಮಗೀತೆಗೂ ರಾಣಿಯ ಸದ್ಗುಣದ ಅರ್ಥ ಹಚ್ಚಿದರು. ಹಲವು ಹಾಡುಗಳು ಕೇರಿಯ ಗಂಡುಹೆಣ್ಣುಗಳು ತಮ್ಮ ಮನಸ್ಸನ್ನು ತೋಡಿಕೊಂಡ ಪದಗಳೆಂದು ಕ್ರಿ.ಶ. 12ನೆಯ ಶತಮಾನದಲ್ಲಿ ವಿದ್ವಾಂಸ ಝೂ ಷಿ ನೇರವಾಗಿ ಬರೆದದ್ದು ದೊಡ್ಡ ಉಪಕಾರ.

ಪ್ರಭಾವದ ಬಗ್ಗೆ ಹೇಳುವಾಗ ದಕ್ಷಿಣದ ಚು ರಾಜ್ಯದ ಚೂ ಯುವಾನನನ್ನು ಬಿಡುವಂತಿಲ್ಲ. ಗಡೀಪಾರಾಗಿ ಮಿಲೂವೊ ನದಿಗೆ ಹಾರಿದನೆಂದು ಪ್ರತೀತಿಯಿರುವ ಈ ಕವಿಯಿಂದ, ಕವಿ ತನ್ನದೇ ಹೆಸರಿನಲ್ಲಿ ದುಃಖಿಸುವ ಮತ್ತೊಂದು ಧಾರೆ ಹೊರಟಿತು. ಆದರೆ ನನಗೆ ಹೆಚ್ಚು ಮುಖ್ಯವೆನಿಸುವುದು ಕಾವ್ಯದಿಂದ ಅಸಮಾಧಾನವನ್ನು ಹೇಳಿಕೊಳ್ಳಬಹುದೆಂದು ಕನ್ಫ್ಯೂಷಿಯಸ್ ನೀಡಿದ ಮನ್ನಣೆ. ‘ದೊಡ್ಡ ಇಲಿಯೇ, ನನ್ನ ಧಾನ್ಯ ತಿನ್ನಬೇಡ’ ಎಂದು ಒಡೆಯನನ್ನೇ ಇಲಿಯೆಂದು ಕರೆಯುವ ಹಾಡು ಷಿಜಿಂಗ್‌ನಲ್ಲಿಯೇ ಇದೆ. ಸಿರಿವಂತರ ಕೆಂಪು ಬಾಗಿಲ ಹಿಂದೆ ಮದ್ಯಮಾಂಸ ಕೊಳೆಯುತ್ತಿರಲು ಬೀದಿಯಲ್ಲಿ ಚಳಿಗೆ ಸತ್ತವರ ಎಲುಬು ಬಿದ್ದಿವೆಯೆಂದು ಕ್ರಿ.ಶ. 755ರಲ್ಲಿ ಕವಿ ದು ಫೂ ಬರೆದದ್ದು ಇದೇ ಸಾಲಿನಲ್ಲಿ ನಿಂತು.

ಓದಬಯಸುವವರಿಗೆ 1937ರಲ್ಲಿ ಪ್ರಕಟವಾದ ಆರ್ಥರ್ ವೇಲಿ ಅವರ ಇಂಗ್ಲಿಷ್ ಅನುವಾದ ಇಂದಿಗೂ ಒಳ್ಳೆಯ ದಾರಿ. ಮೊದಲ ಹಾಡಿನಿಂದಲೇ ತೊಡಗಬೇಕಾಗಿಲ್ಲ. ‘ಏಳನೆಯ ತಿಂಗಳು’ ಹಾಡನ್ನು ಹುಡುಕಿ ಓದಿ, ಸಾಂಪ್ರದಾಯಿಕ ಕ್ರಮದಲ್ಲಿ ಅದು 154ನೆಯದು.