ಬೆಳ್ಳಕ್ಕಿಯ ಪ್ಯಾರಾದಿಂದಲೇ ಶುರು ಮಾಡಿ

ನಮಸ್ಕಾರ.

ಹಕ್ಕಿ ಫೋಟೊಗಳ ಕಾಂಟ್ರಾಸ್ಟ್ (ಬೆಳಕು-ನೆರಳಿನ ಅಂತರ) ಮತ್ತು ಬಣ್ಣ ತಿದ್ದುವುದರ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಜೊತೆಗಿದ್ದ ಆರು ಚಿತ್ರಗಳನ್ನೂ ದೊಡ್ಡದು ಮಾಡಿ ನೋಡಿದೆ. ಈಗಿರುವಂತೆ ಇದನ್ನು ಪ್ರಕಟಿಸಲಾರೆ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಅಡಗಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಫೋಟೊ ತಿದ್ದುವ ಸಾಫ್ಟ್‌ವೇರ್‌ನ ಸ್ಲೈಡರ್‌ಗಳಿಗೆ ಕಾಂಟ್ರಾಸ್ಟ್ 40, ಸ್ಯಾಚುರೇಶನ್ (ಬಣ್ಣದ ಗಾಢತೆ) 30, ಕ್ಲಾರಿಟಿ (ವಿವರಗಳ ಸ್ಪಷ್ಟತೆ) 25 ಎಂದು ಕೊಟ್ಟು, ‘ಯಾವ ಹಕ್ಕಿಗಾದರೂ ಇಷ್ಟು ಸಾಕು’ ಎಂದಿದ್ದೀರಿ. ಈ ಮಾತನ್ನು ನಾನು ಒಪ್ಪುವುದಿಲ್ಲ. ಇದೇ ಅಂಕಿಗಳನ್ನು ಕಾಗೆಗೆ ಹಾಕಿ ನೋಡಿ. ನೆರಳಿನ ಭಾಗ ಇನ್ನಷ್ಟು ಕಪ್ಪಾಗಿ, ರೆಕ್ಕೆಯ ಮೇಲೆ ತೆಳುವಾಗಿ ಹರಿದಾಡುವ ನೀಲಿ-ನೇರಳೆ ಹೊಳಪು ಪೂರ್ತಿ ಮುಳುಗಿಹೋಗುತ್ತದೆ. ಕಾಗೆಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ: ನೆರಳನ್ನು ಕೊಂಚ ಎತ್ತಬೇಕು, ಉಳಿದದ್ದನ್ನು ಮಾಸ್ಕ್‌ನಿಂದ ಮುಚ್ಚಿ ಕಾಂಟ್ರಾಸ್ಟನ್ನು ಆ ಹೊಳಪಿರುವ ಜಾಗಕ್ಕಷ್ಟೇ ಕೊಡಬೇಕು.

ಮೂರನೆಯ ಚಿತ್ರದ ಮಿಂಚುಳ್ಳಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಕೂತ ಭಂಗಿ, ಕಣ್ಣಿನ ಮಿಂಚು ಎಲ್ಲ ಚೆನ್ನಾಗಿದೆ, ಬೆನ್ನು ಮಾತ್ರ ಪೇಂಟ್ ಬಳಿದಂತಿದೆ. ಒಂದು ಗರಿಗೂ ಇನ್ನೊಂದಕ್ಕೂ ನಡುವೆ ಗೆರೆಯೇ ಇಲ್ಲ. ಯಾಕೆ ಹೀಗಾಯಿತೆಂದು ಲೇಖನ ಹೇಳುವುದಿಲ್ಲ. ನಾನು ಹೇಳುತ್ತೇನೆ. ಚಿತ್ರದ ಪ್ರತಿ ಬಣ್ಣವೂ ಕೆಂಪು, ಹಸಿರು, ನೀಲಿ ಎಂಬ ಮೂರು ಚಾನೆಲ್‌ಗಳ ಬೆರಕೆ. ಆ ಮೂರರ ಮೇಲೂ ಕಾಂಟ್ರಾಸ್ಟ್ ಏರಿಸಿದಾಗ ಅವುಗಳ ನಡುವಿನ ಅಂತರವೂ ಹಿಗ್ಗುತ್ತದೆ, ಅಂದರೆ ಬಣ್ಣ ತಾನಾಗಿಯೇ ಗಾಢವಾಗುತ್ತದೆ. ಅದರ ಮೇಲೆ ನೀವು ಮತ್ತೆ ಸ್ಯಾಚುರೇಶನ್ ಸೇರಿಸಿದಿರಿ. ನೀಲಿ ಚಾನೆಲ್ ತನ್ನ ಗರಿಷ್ಠ ಮಟ್ಟವಾದ 255ಕ್ಕೆ ಹೋಗಿ ತಲೆ ತಾಗಿಸಿತು, ಅದರೊಳಗಿನ ಏರಿಳಿತ ಅಳಿಸಿಹೋಯಿತು. ಒಟ್ಟು ಬೆಳಕಿನ ಹಿಸ್ಟೋಗ್ರಾಮ್ (ಕಪ್ಪಿನಿಂದ ಬಿಳಿಯವರೆಗಿನ ಹಂಚಿಕೆಯ ನಕ್ಷೆ) ನೋಡಿದರೆ ಇದು ಕಾಣದೆಯೂ ಇರಬಹುದು. ಮೂರು ಚಾನೆಲ್‌ಗಳನ್ನೂ ಬೇರೆಬೇರೆಯಾಗಿ ನೋಡಬೇಕು.

ಇನ್ನೊಂದು ವಿಷಯ ನಿಮ್ಮ ಓದುಗರಿಗೆ ಖಂಡಿತ ಇಷ್ಟವಾಗುತ್ತದೆ. ಆ ಬೆನ್ನಿನಲ್ಲಿ ನೀಲಿ ವರ್ಣದ್ರವ್ಯವೇ ಇಲ್ಲ. ಗರಿಯೊಳಗಿನ ಅತಿಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವ ರೀತಿಯಿಂದ ಆ ನೀಲಿ ಹುಟ್ಟುತ್ತದೆ. ಎದೆಯ ಕಿತ್ತಳೆ ಹಾಗಲ್ಲ, ಅದು ವರ್ಣದ್ರವ್ಯದ ಬಣ್ಣ. ನೆರಳಿನಲ್ಲಿ ಮಂಕಾಗಿ ಕೂತ ಮಿಂಚುಳ್ಳಿ ಬಿಸಿಲಿಗೆ ತಿರುಗಿದೊಡನೆ ಬೆನ್ನು ಹೇಗೆ ಹೊತ್ತಿಕೊಳ್ಳುತ್ತದೆ ಎಂಬುದನ್ನು ನೀವು ಕಣ್ಣಾರೆ ಕಂಡವರು. ಅದನ್ನು ಬರೆಯಿರಿ. ಆಗ ಎರಡು ಬಣ್ಣಕ್ಕೂ ಒಂದೇ ಸ್ಲೈಡರ್ ಯಾಕೆ ಸಲ್ಲದು, ನೀಲಿಯನ್ನೂ ಕಿತ್ತಳೆಯನ್ನೂ ಯಾಕೆ ಬೇರೆಬೇರೆಯಾಗಿ ತಿದ್ದಬೇಕು ಎಂಬುದು ಓದುಗರಿಗೆ ತಾನಾಗಿಯೇ ಹೊಳೆಯುತ್ತದೆ.

‘ರಾ ಫೈಲ್ ಜಾಗ ತಿನ್ನುತ್ತದೆ, ಜೆಪೆಗ್ ಸಾಕು’ ಎಂಬ ಸಾಲನ್ನು ತೆಗೆದುಹಾಕಿ. ರಾ ಎಂದರೆ ಸೆನ್ಸರ್ ದಾಖಲಿಸಿದ ಮೂಲ ಮಾಹಿತಿ, ಜೆಪೆಗ್ ಎಂದರೆ ಅದನ್ನು ಕುಗ್ಗಿಸಿದ ಚಿತ್ರ. ಜೆಪೆಗ್‌ನಲ್ಲಿ ಒಂದು ಚಾನೆಲ್‌ಗೆ ಬೆಳಕಿನ 256 ಮೆಟ್ಟಿಲು, 14 ಬಿಟ್ ರಾ ಫೈಲ್‌ನಲ್ಲಿ 16,384. ನಿಮ್ಮ ಐದನೆಯ ಚಿತ್ರದ ಆಕಾಶದಲ್ಲಿ ಪಟ್ಟೆ ಪಟ್ಟೆ ಮೂಡಿರುವುದಕ್ಕೆ ಕಾರಣ ಇಲ್ಲೇ ಇದೆ. ಎಲೆಗಳ ಕೆಳಗೆ ಕೂತ ಹಕ್ಕಿಯ ಬಿಳಿ ಹೊಟ್ಟೆ ಹಸಿರಾಗಿ ಕಾಣುತ್ತಿದೆ. ಅಲ್ಲಿ ಬೇರೇನನ್ನೂ ಮುಟ್ಟುವ ಮೊದಲು ವೈಟ್ ಬ್ಯಾಲೆನ್ಸ್ ಸರಿಮಾಡಿ ಬಿಳಿಯನ್ನು ಬಿಳಿಯಾಗಿಸಬೇಕಿತ್ತು.

ನನಗೆ ನಿಜಕ್ಕೂ ಕಳವಳ ತಂದದ್ದು ‘ಬಣ್ಣ ನಮ್ಮ ಇಷ್ಟ’ ಎಂಬ ನಿಮ್ಮ ಮಾತು. ಎಷ್ಟೋ ಹಕ್ಕಿಗಳನ್ನು ಜನ ಗುರುತಿಸುವುದೇ ಬಣ್ಣದಿಂದ. ಮರಿ ಯಾವುದು, ಬೆಳೆದದ್ದು ಯಾವುದು, ಗಂಡೋ ಹೆಣ್ಣೋ ಎಂಬುದು ಕೆಲವೊಮ್ಮೆ ಕಂದು ಬಣ್ಣದ ಒಂದು ಛಾಯೆಯ ಮೇಲೆ ನಿಂತಿರುತ್ತದೆ. ಆ ಕಂದು ಬಣ್ಣವನ್ನು ನೀವು ಕೆಂಪಿಗೆ ಎಳೆದರೆ, ಚಿತ್ರ ನೋಡಿ ಕಲಿಯುವವರು ತಪ್ಪು ಕಲಿಯುತ್ತಾರೆ. ಈ ಹೊಣೆಯ ಬಗ್ಗೆ ಲೇಖನದಲ್ಲಿ ಎರಡು ಮಾತಾದರೂ ಬರಲೇಬೇಕು.

‘ಅದ್ಭುತ’, ‘ಮನಮೋಹಕ’ಗಳನ್ನು ಎಲ್ಲ ಕಡೆ ಹೊಡೆದುಹಾಕಿದ್ದೇನೆ. ಒಂದನ್ನೂ ಮರಳಿ ಸೇರಿಸಬೇಡಿ.

ಇನ್ನು ಬೆಳ್ಳಕ್ಕಿ. ನಾಲ್ಕನೆಯ ಪುಟದಲ್ಲಿ ಹೈಲೈಟ್ (ಚಿತ್ರದ ಅತಿ ಬೆಳಕಿನ ಭಾಗ) ತಿದ್ದಿದ ಬಗ್ಗೆ ಹೀಗೆ ಬರೆದಿದ್ದೀರಿ: ‘ಹೈಲೈಟ್ ಎಷ್ಟು ಇಳಿಸಿದರೂ ಎದೆಯ ಗರಿ ಮೂಡಲಿಲ್ಲ, ಬರೀ ಬೂದು ಬಂತು. ತುಂಬ ಹೊತ್ತು ಸುಮ್ಮನೆ ಕೂತಿದ್ದೆ.’ ಇಡೀ ಲೇಖನದಲ್ಲಿ ಜೀವವಿರುವ ಪ್ಯಾರಾ ಇದೊಂದೇ. ಅದನ್ನು ಅಷ್ಟಕ್ಕೇ ಬಿಟ್ಟು ಮುಂದೆ ಓಡಿದ್ದೀರಿ. ಹಿನ್ನೆಲೆ ಕತ್ತಲಾಗಿದ್ದರಿಂದ ಬೆಳಕು ಅಳೆಯುವ ಕ್ಯಾಮೆರಾದ ಮೀಟರ್ ಇಡೀ ದೃಶ್ಯವನ್ನು ಬೆಳಗಿಸಲು ಹೋಗಿ ಬಿಳಿಯನ್ನು ಸುಟ್ಟುಹಾಕಿತು. ಸೆನ್ಸರ್ ದಾಖಲಿಸದೇ ಹೋದ ಗರಿಯನ್ನು ಯಾವ ಸ್ಲೈಡರೂ ಮರಳಿ ತರಲಾರದು. ಕ್ಲಿಕ್ಕಿಸುವಾಗಲೇ ಎಕ್ಸ್‌ಪೋಶರನ್ನು ಅರ್ಧದಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ಇಳಿಸಿದ್ದರೆ ಆ ಗರಿಗಳು ಉಳಿಯುವ ಸಾಧ್ಯತೆಯಿತ್ತು.

ಲೇಖನವನ್ನು ಅಲ್ಲಿಂದಲೇ ಶುರು ಮಾಡಿ. ಮಿಂಚುಳ್ಳಿಯ ಮೂಲ ಫೈಲ್ ಇನ್ನೂ ಇದ್ದರೆ ಮತ್ತೆ ತಿದ್ದಿ, ಮೊದಲಿನದನ್ನೂ ಹೊಸದನ್ನೂ ಎರಡನ್ನೂ ಕಳಿಸಿ. ಸುಟ್ಟುಹೋದ ಬೆಳ್ಳಕ್ಕಿಯ ಫೋಟೊವನ್ನು ಈ ಸಲ ನೀವು ಕಳಿಸಿರಲಿಲ್ಲ. ಅದನ್ನೂ ಕಳಿಸಿ, ಮೊದಲ ಪುಟದಲ್ಲೇ ಹಾಕೋಣ.