ಸಂಪಾದಕರ ಉತ್ತರ: ಸಿಟಿ ಚರ್ಚಿಗೆ ಜಾಗ ಕೊಟ್ಟವರು

ವಾನವಡಿಯ ಓದುಗರಿಗೆ ನಮಸ್ಕಾರ.

ಪುಣೆಯ ನಾನಾ ಪೇಠೆಯಲ್ಲಿರುವ ಸಿಟಿ ಚರ್ಚಿಗೆ ಪೇಶ್ವೆಯವರೇ ಜಾಗ ಕೊಟ್ಟರು ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ನಿಮಗೆ ಅದು ನಂಬಿಕೆಯಾಗಲಿಲ್ಲ. "ಪುಣೆಗೆ ಚರ್ಚು ಬಂದಿದ್ದು ಇಂಗ್ಲಿಷರ ಜೊತೆ ಅಲ್ವಾ? ವಸಾಯಿಯಲ್ಲಿ ಪೋರ್ಚುಗೀಸರನ್ನು ಸೋಲಿಸಿದ ಮನೆತನ ಇಗರ್ಜಿಗೆ ಜಾಗ ಕೊಡುತ್ತದಾ?" ಎಂದು ಕೇಳಿದ್ದೀರಿ. ಕೇಳಿದ್ದು ಒಳ್ಳೆಯದಾಯಿತು. ಆ ಒಂದು ಸಾಲು ಸಾಲದು ಅಂತ ನಮಗೂ ಅನಿಸಿತ್ತು.

ಮೊದಲು ಇಸವಿ ನೋಡಿ. ಸಿಟಿ ಚರ್ಚ್ ಶುರುವಾಗಿದ್ದು 1792ರಲ್ಲಿ. ಖಡ್ಕಿಯ ಯುದ್ಧವಾಗಿ ಪುಣೆ ಇಂಗ್ಲಿಷರ ಕೈಗೆ ಹೋಗಿದ್ದು 1817ರಲ್ಲಿ. ನೀವು ಹೇಳಿದ್ದು ಕ್ಯಾಂಪಿನ, ಅಂದರೆ ಇಂಗ್ಲಿಷರ ದಂಡಿನ ಕಡೆಯ ಚರ್ಚುಗಳಿಗೆ ಸರಿ. ಸೇಂಟ್ ಮೇರೀಸ್ 1825ರದ್ದು, ಐರಿಷ್ ಸಿಪಾಯಿಗಳಿಗಾಗಿ ಆದ ಸೇಂಟ್ ಪ್ಯಾಟ್ರಿಕ್ಸ್ 1850ರದ್ದು. ಇದು ಮಾತ್ರ ಊರಿನ ಪೇಠೆಯೊಳಗಿನ ಚರ್ಚು. ಹೆಸರಲ್ಲೇ 'ಸಿಟಿ' ಇದೆ ನೋಡಿ.

ಜಾಗ ಕೇಳಿದವರು ಪೇಶ್ವೆಯ ಸೈನ್ಯದಲ್ಲೇ ಇದ್ದ ಗೋವಾದ ಕ್ಯಾಥೊಲಿಕರು. ಅವರ ಪರವಾಗಿ ನಿಂತವರು ಡೊಮ್ ಮಿಗೆಲ್ ದೆ ನೊರೊನ್ಹಾ ಎಂಬ ಅಧಿಕಾರಿ. ಸವಾಯಿ ಮಾಧವರಾವ್ ಪೇಶ್ವೆಗೆ ಆಗ 18 ವರ್ಷ. ಕಾರುಬಾರು ಮಂತ್ರಿ ನಾನಾ ಫಡ್ನವೀಸರದು.

ಆ ಸಿಪಾಯಿಗಳ ಪಾಡು ಸ್ವಲ್ಪ ಯೋಚಿಸಿ. ಮಗು ಹುಟ್ಟಿದರೆ ಜ್ಞಾನಸ್ನಾನ ಆಗಬೇಕು. ಮದುವೆಗೆ ಪಾದ್ರಿ ಬೇಕು. ಯಾರಾದರೂ ತೀರಿಕೊಂಡರೆ ಪ್ರಾರ್ಥನೆ ಹೇಳಿ ಮಣ್ಣು ಮಾಡಬೇಕು. ಗೋವಾ ನೋಡಿದರೆ ಘಟ್ಟದ ಕೆಳಗೆ, ಎಷ್ಟೋ ದಿನದ ದಾರಿ. ಅವರಿಗೆ ಬೇಕಾಗಿದ್ದು ದೊಡ್ಡ ಕಟ್ಟಡವಲ್ಲ, ಪಾದ್ರಿಯೊಬ್ಬರು ಇರುವ ಜಾಗ. ಹಾಗಾಗಿ ಮೊದಲು ಎದ್ದಿದ್ದು ಸಣ್ಣ ಮಣ್ಣಿನ ಕಟ್ಟಡ. ಈಗ ನಾವು ನೋಡುವುದು 1852ರದ್ದು. ಬಿಷಪ್ಪರ ಆಡಳಿತದ ಪುಣೆ ಧರ್ಮಪ್ರಾಂತ್ಯವಂತೂ ಹುಟ್ಟಿದ್ದೇ 1886ರಲ್ಲಿ!

ವಸಾಯಿ ವಿಷಯಕ್ಕೆ ಬರೋಣ. ಪೇಶ್ವೆ ಬಾಜೀರಾವರ ತಮ್ಮ ಚಿಮಾಜಿ ಅಪ್ಪಾ ಅದನ್ನು ಗೆದ್ದಿದ್ದು 1739ರಲ್ಲಿ. ಅಲ್ಲಿನ ಇಗರ್ಜಿಗಳ ಗಂಟೆಗಳು ಈ ಕಡೆಯ ದೇವಸ್ಥಾನಗಳಿಗೆ ಬಂದವು. ಭೀಮಾಶಂಕರಕ್ಕೆ ಹೋದಾಗ ಅಂಥದ್ದೊಂದು ಗಂಟೆಯನ್ನು ನೀವೂ ನೋಡಿರಬಹುದು. ಅದಾಗಿ 53 ವರ್ಷಕ್ಕೆ ಅದೇ ಮನೆತನ ಇಗರ್ಜಿಗೆ ನೆಲ ಕೊಟ್ಟಿತು. ಇದನ್ನು ಬರೀ ದೊಡ್ಡ ಮನಸ್ಸು ಅಂದರೆ ಅರ್ಧ ಮಾತಾಗುತ್ತದೆ. ಯುರೋಪಿನ ಕವಾಯತು, ತೋಪು ಬಲ್ಲವರು ಆಗ ಮರಾಠಾ ಸೈನ್ಯಕ್ಕೆ ಬೇಕಾಗಿದ್ದರು. ಬೇಕಾದವರನ್ನು ಉಳಿಸಿಕೊಳ್ಳಬೇಕಿತ್ತು. ಹಾಗಂತ ಬರೀ ಲೆಕ್ಕಾಚಾರ ಅನ್ನಲೂ ನನಗೆ ಮನಸ್ಸಿಲ್ಲ. ಸಂಬಳ ಜಾಸ್ತಿ ಕೊಟ್ಟು ಸುಮ್ಮನಿರಬಹುದಿತ್ತು. ಊರೊಳಗೆ ಜಾಗ ಕೊಡುವುದೆಂದರೆ 'ನೀವೂ ಇಲ್ಲಿಯವರೇ' ಅಂದ ಹಾಗೆ. ಹೊಟ್ಟೆಪಾಡಿಗೆ ಪುಣೆಗೆ ಬಂದ ನಮ್ಮಂಥ ಕನ್ನಡದವರಿಗೆ ಆ ಮಾತಿನ ಬೆಲೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದು ಅಮಲೋದ್ಭವ ಮಾತೆಯ, ಅಂದರೆ ಯೇಸುವಿನ ತಾಯಿ ಮೇರಿಯ ಹೆಸರಿನ ಚರ್ಚು. ಡಿಸೆಂಬರ್ 8 ಆ ಮಾತೆಯ ಹಬ್ಬ. ಪಕ್ಕದ ಮನೆಯ ಮಂಗಳೂರಿನ ಬಾಯಮ್ಮ ಭಾನುವಾರ ತಪ್ಪದೆ ಅಲ್ಲಿಗೆ ಹೋಗುತ್ತಾರೆ ಎಂದು ಬರೆದಿದ್ದೀರಿ. ಒಂದು ಸಲ ಅವರ ಜೊತೆ ಚರ್ಚಿರುವ ಕ್ವಾರ್ಟರ್ ಗೇಟಿನವರೆಗೆ ಹೋಗಿ ಬನ್ನಿ. ಅವರ ಪ್ರಾರ್ಥನೆ ಪುಸ್ತಕದಲ್ಲಿ ಭಾಷೆ ಕೊಂಕಣಿ, ಅಕ್ಷರ ನಮ್ಮ ಕನ್ನಡದ್ದು ಅಂತ ನೀವೇ ಹೇಳಿದ್ದೀರಿ. ಬಾಯಮ್ಮ ಒಪ್ಪಿದರೆ ಅದರ ಮೊದಲ ಪುಟದ ಒಂದು ಫೋಟೊ ಕಳಿಸಿಕೊಡಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

– ಸಂಪಾದಕ