ಅಜ್ಜಿ ನೀನು ಒಬೀಸ್!

ಪ್ರಶ್ನೆ: ನಮ್ಮಮ್ಮಂಗೆ 71 ವರ್ಷ, ಎತ್ತರ 148 ಸೆಂಟಿಮೀಟರ್. ನನ್ನ ಮಗ ಮೊಬೈಲ್ ಆ್ಯಪಲ್ಲಿ ಲೆಕ್ಕ ಹಾಕಿ 'ಅಜ್ಜಿ ನೀನು ಒಬೀಸ್' ಅಂದ್ಬಿಟ್ಟ, ಅವತ್ತಿಂದ ರಾತ್ರಿ ಊಟ ಬಿಟ್ಟು ಒಂದು ಲೋಟ ಮಜ್ಜಿಗೆ ಕುಡ್ದು ಮಲಗ್ತಾರೆ. ಮೂರು ತಿಂಗಳಲ್ಲಿ 60 ಕೆಜಿ ಇದ್ದೋರು 56ಕ್ಕೆ ಬಂದಿದಾರೆ, ಆ್ಯಪ್ ಇನ್ನೂ ಆರು ಕೆಜಿ ಇಳಿಸಿ ಅಂತಿದೆ. ಆದ್ರೆ ಈಗೀಗ ಮೆಟ್ಟಿಲು ಹತ್ತೋವಾಗ ಕಂಬಿ ಹಿಡ್ಕೋತಾರೆ. ಬಿಪಿ ಮಾತ್ರೆ ಇದೆ. ಮುಂದುವರಿಸೋದಾ?
– ಹೆಸರು ಬೇಡ, ತುಮಕೂರು

ಉತ್ತರ: ಬೇಡ, ಇವತ್ತು ರಾತ್ರಿನೇ ಊಟಕ್ಕೆ ಕೂರಿಸಿ. ಮೊದ್ಲು ಅಮ್ಮನ್ನ ಕೇಳಿ, ವಯಸ್ಸಲ್ಲಿದ್ದಾಗ ಎಷ್ಟು ಎತ್ತರ ಇದ್ರಿ ಅಂತ. ವಯಸ್ಸಾದ್ಮೇಲೆ ಬೆನ್ನುಮೂಳೆ ಕುಗ್ಗಿ ಎತ್ತರ ಕಮ್ಮಿ ಆಗತ್ತೆ. ಆಗ 153 ಇದ್ರು ಅಂದ್ಕೊಳ್ಳಿ, ಇದೇ 56 ಕೆಜಿಗೆ ಬಿಎಂಐ (ಕೆಜಿ ತೂಕನ ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದ್ರೆ ಬರೋ ಅಂಕಿ, ಆ್ಯಪ್ ನೋಡೋದು ಇದನ್ನೇ) 23.9 ಬರ್ತಿತ್ತು, ಈಗಿನ 148ಕ್ಕೆ 25.6 ಬರತ್ತೆ, ಒಂದು ಗ್ರಾಂ ದಪ್ಪ ಆಗ್ದೇನೇ ಒಬೀಸ್ ಲಿಸ್ಟಿಗೆ ಸೇರ್ಬಿಟ್ರು! ಭಾರತೀಯರಿಗೆ ಬಿಎಂಐ 23 ಮುಟ್ಟಿದ್ರೆ ತೂಕ ಜಾಸ್ತಿ, 25 ಮುಟ್ಟಿದ್ರೆ ಒಬೀಸ್ ಅಂದ್ರೆ ಬೊಜ್ಜು ಅಂತ ಗೆರೆ ಎಳೆದಿರೋದು ನಮಗೆ ಕಡಿಮೆ ತೂಕದಲ್ಲೇ ಶುಗರ್ ಬರತ್ತೆ ಅಂತ, ನಿಮ್ಮ ವಯಸ್ಸಿನೋರಿಗೆ ಅದು ಸರಿನೇ. 65 ದಾಟಿದೋರ ಕತೆ ಬೇರೆ. ಸುಮಾರು 2 ಲಕ್ಷ ಹಿರಿಯರ ಮಾಹಿತಿ ಒಟ್ಟಿಗೆ ನೋಡಿ 2014ರಲ್ಲಿ ಬಂದ ಅಧ್ಯಯನದಲ್ಲಿ, ಬಿಎಂಐ 23ಕ್ಕಿಂತ ಕೆಳಗೆ ಹೋದಷ್ಟೂ ಸಾವಿನ ಅಪಾಯ ಜಾಸ್ತಿ ಆಗಿತ್ತು (ಅದ್ರಲ್ಲಿ ಹೆಚ್ಚಿನೋರು ಪಾಶ್ಚಾತ್ಯರು, ಅಂಕಿನ ಹಾಗೇ ನಮಗೆ ಅಂಟಿಸ್ಬೇಡಿ).

ನಂಗೆ ಚಿಂತೆ ಆ ಕಂಬಿದು. ಊಟ ಬಿಟ್ಟು ಇಳಿಸಿದ್ರೆ ಬೊಜ್ಜಿನ ಜೊತೆ ಮಾಂಸಖಂಡನೂ ಕರಗತ್ತೆ, ಈ ವಯಸ್ಸಲ್ಲಿ ಅದು ವಾಪಸ್ ಬರೋದು ಬಲು ಕಷ್ಟ. ಮಗಂಗೆ ಆ್ಯಪ್ ಬಿಟ್ಟು ಸ್ಟಾಪ್‌ವಾಚ್ ತೆಗಿ ಅನ್ನಿ: ಅಮ್ಮ ಕೈಕಟ್ಟಿ ಕುರ್ಚಿಯಿಂದ ಐದು ಸಲ ಎದ್ದು ಕೂರ್ಲಿ, ಯಾರಾದ್ರೂ ಪಕ್ಕದಲ್ಲಿರಿ. 12 ಸೆಕೆಂಡ್ ಅಥವಾ ಜಾಸ್ತಿ ಹಿಡಿದ್ರೆ ಕಾಲಲ್ಲಿ ಶಕ್ತಿ ಕಮ್ಮಿ ಅಂತ. ಟೈಲರ್ ಟೇಪಲ್ಲಿ ಮೀನಖಂಡನೂ ಅಳೀರಿ, ಹೆಂಗಸರಿಗೆ 33 ಸೆಂಟಿಮೀಟರಿಗಿಂತ ಕಮ್ಮಿ ಇರ್ಬಾರ್ದು.

ಮಜ್ಜಿಗೆಲಿ ಪ್ರೋಟೀನ್ ಏನೇನೂ ಸಾಲಲ್ಲ. ಕಿಡ್ನಿ ತೊಂದ್ರೆ ಇಲ್ದಿದ್ರೆ ದಿನಕ್ಕೆ ತೂಕದ ಕೆಜಿಗೆ ಕನಿಷ್ಠ 1 ಗ್ರಾಂ ಪ್ರೋಟೀನ್ ಬೇಕು. ಮುದ್ದೆ ಜೊತೆ ಹುರುಳಿಕಾಳು ಸಾರು, ಗಟ್ಟಿ ಮೊಸರು, ತಿನ್ನೋರಾದ್ರೆ ಮೊಟ್ಟೆ. ಊಟ ಶುರು ಮಾಡಿದ್ಮೇಲೂ ತೂಕ ಇಳೀತಾನೇ ಇದ್ರೆ ಅದು ಡಯಟಿಂದಾನೇ ಅಂತ ಸುಮ್ನಿರ್ಬೇಡಿ, ಥೈರಾಯ್ಡ್, ಶುಗರ್, ಹಲ್ಲು ಎಲ್ಲಾ ತೋರಿಸ್ಬೇಕು. ಇನ್ನೊಂದು, ತೂಕ ಇಳಿದಾಗ ಹಳೇ ಡೋಸಿನ ಬಿಪಿ ಮಾತ್ರೆ ಜಾಸ್ತಿ ಆಗಿ ಎದ್ದಾಗ ತಲೆಸುತ್ತು ಬರೋದುಂಟು, ಆ ಕಂಬಿ ಹಿಡ್ಕೊಳ್ಳೋದು ಅದಕ್ಕೂ ಇರ್ಬೋದು. ನೀವೇ ಮಾತ್ರೆ ನಿಲ್ಲಿಸ್ಬೇಡಿ, ಈ ವಾರನೇ ಡಾಕ್ಟರ್ ಹತ್ರ ಕರ್ಕೊಂಡ್ ಹೋಗಿ, ಕೂತಾಗ ಒಂದ್ಸಲ, ನಿಂತಾಗ ಒಂದ್ಸಲ ಬಿಪಿ ನೋಡಿ ಅಂತ ಕೇಳಿ.